ಜರ್ಮನಿ ಪಾವಣ್ಯಾ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದವರಿಗೆ ಒಂದು ಸಂಕಟವಿದೆ. ಸುತ್ತ ಕಾಲೇಜುಗಳೇ ಇರುವುದರಿಂದ ನಾವೂ ಓದಿದವರಂತೆ ನಡೆದುಕೊಳ್ಳಬೇಕಾಗುತ್ತದೆ. ಓದಿದವರು ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದೆವೆಂದು ಬಾಯಿಬಿಡಬಾರದು. "ಬಾಗಿಲ ಚೌಕಟ್ಟು ನೋಡಾಕ ಹೋಗಿದ್ವಿ" ಅನ್ನಬೇಕು. ಆ ಜಾತ್ರೆಗೆ ಚೌಕಟ್ಟುಗಳೂ ರಾಶಿ ರಾಶಿ ಬರುತ್ತವಾದ್ದರಿಂದ ಯಾರೂ ಸಂಶಯಪಡುವುದಿಲ್ಲ. ಈ ಲೆಕ್ಕದಲ್ಲಿ ನಮ್ಮ ಓಣಿಯ ಮನೆಗಳಿಗೆ ಗೋಡೆಯೇ ಉಳಿಯಬಾರದಿತ್ತು.

ಇಂಥ ಓಣಿಗೆ ನನ್ನ ಮಗನ ಜೊತೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಜರ್ಮನ್ ಹುಡುಗನೊಬ್ಬ ಬಂದ. ಬಂದದ್ದು ಕಲ್ಲಿನ ಕಲೆ ನೋಡಲು. ಮಂಗಳೇಶ ಮಾಡಿಸಿದ, 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆ, ಮೊದಲ ಗುಹೆಯ 18 ಕೈಗಳ ನಟರಾಜ, ಎಲ್ಲ ನನಗಿಂತ ಚೆನ್ನಾಗಿ ಓದಿಕೊಂಡಿದ್ದ. ಅದು ಬನದ ಹುಣ್ಣಿಮೆಯ ಆಸುಪಾಸು ಎಂಬುದು ಮಾತ್ರ ಅವನ ಪುಸ್ತಕದಲ್ಲಿರಲಿಲ್ಲ. ಬಾದಾಮಿಯಲ್ಲಿ ಆಟೋದವನು ಗುಹೆಯ ಕಡೆ ತಿರುಗಿಸದೆ ಜಾತ್ರೆ ನಡೆಯುವ ಚೊಳಚಗುಡ್ಡದ ದಾರಿ ಹಿಡಿದ. ಕೇಳಿದರೆ, "ಗುಹಾ ಎಲ್ಲಿ ಓಡಿ ಹೊಕ್ಕಾವರಿ? ಕಂಪನಿ ಕ್ಯಾಂಪ್ ಎತ್ತಿದ್ರ ಮುಗೀತು."

ಟಿಕೆಟ್ ಗೇಟಿನಲ್ಲಿ ಹುಡುಗನ ಕಿವಿಯೋಲೆ, ಕೆಂಪು ಕೂದಲು ನೋಡಿ ಗೇಟಿನವನು "ಇವರು ಯಾವ ಕಂಪನಿಯವ್ರರಿ?" ಎಂದ. ಮಗನ ಕಂಪನಿಯ ಹೆಸರು ಹೇಳಿದೆ. "ಈ ಸಲ ಹೊಸದಾಗಿ ಕ್ಯಾಂಪ್ ಹಾಕ್ಯಾರೇನು? ಕಲಾವಿದರ ಕಡೆ ರೊಕ್ಕ ತಗೊಳ್ಳಾಂಗಿಲ್ರಿ" ಎಂದು ಒಳಗೆ ಬಿಟ್ಟ. ನಾನು ಮಾತ್ರ ಟಿಕೆಟ್ ಕೊಂಡೆ. ನನ್ನ ಮುಖದಲ್ಲಿ ಕಲೆ ಇಲ್ಲ.

ಹಿಂದೆ ಇಂಥ ರಂಗದ ಮೇಲೆ ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಗುಡುಗುತ್ತಿತ್ತು. ಅವರನ್ನು ಕನ್ನಡದ ಶೇಕ್ಸ್‌ಪಿಯರ್ ಅಂತಲೇ ಕರೆದರು. ಈಗ ಗಂಡ-ಹೆಂಡಿರ ಜಗಳವೇ ಮಹಾಭಾರತ. ದ್ವಂದ್ವಾರ್ಥದ ಮಾತು ನನಗೆ ಹಿಡಿಸುವುದಿಲ್ಲ. ಹಿಡಿಸದಿದ್ದರೂ ತಟ್ಟನೆ ಅರ್ಥವಾಗುತ್ತದೆ, ಅದೇ ತೊಂದರೆ. ಜನ ಬಿದ್ದುಬಿದ್ದು ನಗುವಾಗ ಹುಡುಗ "ಏನಂದರು?" ಎಂದು ಕೇಳಿದ. "ಒಕ್ಕಲುತನದ ಸಮಸ್ಯೆ" ಎಂದೆ. ಅವನು ಗಂಭೀರವಾಗಿ ಬರೆದುಕೊಂಡ.

ಅಷ್ಟರಲ್ಲಿ ಹಾಸ್ಯದ ಪಾತ್ರದವನ ಕಣ್ಣು ಮುಂದಿನ ಸಾಲಿಗೆ ಬಿತ್ತು. ಕಥೆಯನ್ನು ಅಲ್ಲಿಗೇ ಬಿಟ್ಟು, "ಏನಪಾ ಅಳಿಯಾ, ಜಾತ್ರಿ ಹೆಂಗೈತಿ?" ಎಂದ. ಮಗ ಕಲಿಸಿದ್ದ ಏಕೈಕ ಕನ್ನಡ ಹೊರಬಿತ್ತು: "ಚೊಲೋ ಐತಿ!" ಶಿಳ್ಳೆಯೋ ಶಿಳ್ಳೆ. "ನಮ್ಮ ನಾಟಕ?" "ಚೊಲೋ ಐತಿ!" "ನನ್ನ ಹೇಂತಿ?" "ಚೊಲೋ ಐತಿ!" ಹಾಸ್ಯದವನು ಹೆಗಲ ಮೇಲಿನ ಟವೆಲ್ ಕೊಡವಿ, "ಹಂಗಾರ ನೀ ಇಲ್ಲಿ ಇರಪಾ, ನಾ ಜರ್ಮನಿಗೆ ಹೊಕ್ಕೀನಿ" ಎಂದು ನಡೆದೇಬಿಟ್ಟ. ಹೆಂಡತಿ ಪಾತ್ರದಾಕೆ ಸೆರಗು ಹಿಡಿದು ನಗುತ್ತ ಮಾತು ಮರೆತಳು. ಹುಡುಗ ಖುಷಿಗೆ ನೂರು ರೂಪಾಯಿ ಆಯೇರಿ ಕಳಿಸಿದ. ಅವನ ಹೆಸರು ಮೈಕಿನಲ್ಲಿ ಹಾಯ್ದು ಹೊರಬರುವಷ್ಟರಲ್ಲಿ ಅಪ್ಪಟ ಹುನಗುಂದ ತಾಲ್ಲೂಕಿನದಾಗಿತ್ತು. ಕೊನೆಗೆ ಹಾರ ಹಾಕಿ, ನಟರ ನಡುವೆ ನಿಲ್ಲಿಸಿ ಫೋಟೋ ತೆಗೆದರು. ನನ್ನನ್ನು ಫೋಟೋ ತೆಗೆಯಲು ನಿಲ್ಲಿಸಿದರು.

ಗುಹೆಯನ್ನೂ ಮರುದಿನ ನೋಡಿದೆವು, ಅನ್ನಿ. ಆದರೆ ಹುಡುಗನಿಗೆ ಅವಸರ, ಸೀರೆ ನೇಯುವುದನ್ನು ನೋಡಲು ಇಳಕಲ್ಲಿಗೆ ಹೋಗಬೇಕಿತ್ತು. ಅಲ್ಲಿ ನೇಕಾರರ ಮನೆಯ ಅಜ್ಜಿ ಯಾರು, ಎತ್ತ ಎಂದು ವಿಚಾರಿಸುವ ಮೊದಲೇ ಚಹಾ ಕೊಟ್ಟು ಕುಣಿಮಗ್ಗದ ಪಕ್ಕ ಕೂಡಿಸಿದಳು. ಸೀರೆಯ ಮೈಯ ಎಳೆಗಳಿಗೂ ಕೆಂಪು ಸೆರಗಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಅದು. ತೋಪು ತೆನೆಯ ಸೆರಗು ಮೈಗೆ ಹತ್ತುವುದೇ ಹಾಗೆ. "ನೀನೂ ಒಂದೀಟು ಹಾಕ ತಮ್ಮಾ" ಎಂದು ಎಳೆ ಕೈಗೆ ಕೊಟ್ಟಳು. ಅವನ ಊರಿನಲ್ಲಿ ಕಲೆಯ ಮುಂದೆ ಹಗ್ಗ ಕಟ್ಟಿ, ಪಕ್ಕಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸುತ್ತಾರಂತೆ. ಎಂಜಿನಿಯರ್ ಹುಡುಗ ಬೆವರಿಳಿಸಿ ಹಾಕಿದ ಕೊಂಡಿಗಳನ್ನು ಅಜ್ಜಿ "ಭಾರೀ ಆತು" ಎಂದು ಹೊಗಳಿ, ಅವನು ಕೈ ತೊಳೆಯಲು ಎದ್ದಾಗ ಮೆಲ್ಲಗೆ ಬಿಚ್ಚಿ ಮತ್ತೆ ಹಾಕಿದಳು.

ಹೋಗುವಾಗ ನನ್ನವಳು ಅಮೀನಗಡದ ಕರದಂಟು ಕಟ್ಟಿಕೊಟ್ಟು, ಬಾಗಲಕೋಟೆಯ ಹೋಳಿಗೂ ಬಾ, ಹಲಗೆ ಬಾರಿಸಲು ಕೊಡುತ್ತಾರೆ ಎಂದು ಕರೆದಿದ್ದಾಳೆ. ಅವನು ರಜೆಗೆ ಅರ್ಜಿ ಹಾಕಿಯಾಗಿದೆ. ಈಗ ಆಫೀಸಿನ ಮೀಟಿಂಗಿನಲ್ಲಿ ಯಾರು ಏನು ತೋರಿಸಿದರೂ "ಚೊಲೋ ಐತಿ" ಅನ್ನುತ್ತಾನಂತೆ. ಬೆಂಗಳೂರಿನವರು ಅದನ್ನು ಜರ್ಮನ್ ಭಾಷೆ ಎಂದುಕೊಂಡು ತಲೆಯಾಡಿಸುತ್ತಾರಂತೆ.