ಕಂಡೆನ್ಸರಿಗೆ ಕ್ಷೌರ

ಹೆಣ್ಣು ನೋಡಲು ಹೋದಾಗ ಭಾವೀ ಮಾವನವರು ನನ್ನ ಉದ್ಯೋಗ ಏನೆಂದು ಕೇಳಿದರು. "ಪರ್ಫಾರ್ಮೆನ್ಸ್ ಎಂಜಿನಿಯರ್" ಎಂದೆ. ಅವರು ಉಪ್ಪಿಟ್ಟಿನ ತಟ್ಟೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಅಂದ್ರೆ ಆರ್ಕೆಸ್ಟ್ರಾದಲ್ಲಿ ಮೈಕು ಗೀಕು ನೋಡ್ಕೊಳ್ಳೋದಾ?" ಎಂದರು. ಥರ್ಮಲ್ ಪವರ್ ಸ್ಟೇಷನ್ನಿನಲ್ಲಿ ಎಂದ ಮೇಲೆ ಅವರ ಮುಖ ಅರಳಿತು. "ಓಹೋ, ಕರೆಂಟ್ ತಯಾರು ಮಾಡೋರು!"

ಸುಳ್ಳು ಹೇಳಿ ಮದುವೆಯಾಗುವುದು ಬೇಡವೆಂದು, ಕರೆಂಟ್ ತಯಾರು ಮಾಡುವವರು ಬೇರೆ, ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಬೇರೆ, ಕಲ್ಲಿದ್ದಲು ತರಿಸುವವರು ಬೇರೆ ಎಂದು ವಿವರಿಸಿದೆ.

"ಹಾಗಾದ್ರೆ ತಾವು?"

"ಎಷ್ಟು ದಂಡವಾಯ್ತು ಅಂತ ಲೆಕ್ಕ ಇಡ್ತೀನಿ."

ಒಳಕೋಣೆಯಿಂದ ಯಾರೋ ಕಿಸಕ್ಕೆಂದರು. ಆ ಕಿಸಕ್ಕೆಂದವಳೇ ಇವತ್ತು ನಮ್ಮ ಮನೆಯಲ್ಲಿ ಎಷ್ಟು ದಂಡವಾಯಿತೆಂಬ ಲೆಕ್ಕ ಇಡುತ್ತಾಳೆ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ.

ನಮ್ಮ ವಿಭಾಗಕ್ಕೆ ಎಫಿಶಿಯೆನ್ಸಿ ಸೆಲ್ ಎಂದು ಹೆಸರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ನೋಡಿದವರಿಗೆ 'ಸೆಲ್' ಎಂಬ ಮಾತಿನ ಅರ್ಥ ಕೂಡಲೇ ಹೊಳೆಯುತ್ತಿತ್ತು. ಯಾವ ಸ್ಥಾವರ, ಯಾವ ಊರು ಎಂದು ಕೇಳಬೇಡಿ. ಬಿಸಿಲ ಸೀಮೆ ಎಂದಷ್ಟೇ ಇಟ್ಟುಕೊಳ್ಳಿ. ಮಲೆನಾಡಿನ ಮಳೆಯಲ್ಲಿ ನೆನೆದು ಬೆಳೆದ ನಾನು ಅಲ್ಲಿ ಏಪ್ರಿಲ್ಲಿನಲ್ಲಿ ಬಾಯ್ಲರಿನ ಪಕ್ಕ ನಿಂತು, ಇದರೊಳಗೆ ಬಿಸಿಯೋ ಹೊರಗೆ ಬಿಸಿಯೋ ಎಂದು ಗೊಂದಲಕ್ಕೆ ಬೀಳುತ್ತಿದ್ದೆ. ಒಳಗಿನ ಆವಿ 540 ಡಿಗ್ರಿ. ಅಷ್ಟರ ಮಟ್ಟಿಗೆ ಹೊರಗೇ ವಾಸಿ.

ಈ ಕೆಲಸದ ತಿರುಳೆಲ್ಲ ಒಂದು ಸಂಖ್ಯೆಯಲ್ಲಿದೆ. ಒಂದು ಯೂನಿಟ್ ಕರೆಂಟ್ ಎಂದರೆ 860 ಕಿಲೋಕ್ಯಾಲರಿ ಶಾಖಕ್ಕೆ ಸಮ. ಅಷ್ಟನ್ನು ತೆಗೆಯಲು ನಮ್ಮ 210 ಮೆಗಾವಾಟಿನ ಯಂತ್ರ 2,450 ಕಿಲೋಕ್ಯಾಲರಿ ತಿನ್ನುತ್ತಿತ್ತು. ಇದಕ್ಕೆ ಹೀಟ್ ರೇಟ್ ಎನ್ನುತ್ತಾರೆ. ಭಾಗಿಸಿ ನೋಡಿದರೆ ನೂರಕ್ಕೆ ಮೂವತ್ತೈದು. ನಾನು ಶಾಲೆಯಲ್ಲಿ ಅಷ್ಟು ತೆಗೆದಾಗ ಅಪ್ಪ ಮೂರು ದಿನ ಮಾತು ಬಿಟ್ಟಿದ್ದರು. ಇಲ್ಲಿ ಅಷ್ಟೇ ತೆಗೆದ ಯಂತ್ರಕ್ಕೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುತ್ತಿದ್ದೆವು.

ಉಳಿದ ಅರವತ್ತೈದು ಎಲ್ಲಿ ಹೋಯಿತು? ಸಾದಿ ಕಾರ್ನೋ ಎಂಬ ಇಪ್ಪತ್ತೆಂಟರ ಫ್ರೆಂಚ್ ಯುವಕ 1824ರಲ್ಲೇ ಇದರ ಬುಡ ಹಿಡಿದು ಬರೆದಿದ್ದಾನೆ: ಶಾಖದಿಂದ ಕೆಲಸ ತೆಗೆಯಬೇಕಾದರೆ ಒಂದಿಷ್ಟನ್ನು ತಣ್ಣಗಿನ ಕಡೆಗೆ ಸುರಿಯಲೇಬೇಕು. ಹಾಗೆ ಸುರಿಯುವ ಜಾಗ ಕಂಡೆನ್ಸರು. ಟರ್ಬೈನನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸಿ ಸುಸ್ತಾದ ಆವಿ ಅಲ್ಲಿ ತಣಿದು ನೀರಾಗುತ್ತದೆ. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಕೈಬಿಡುತ್ತದೆ, ಕೂಲಿಂಗ್ ಟವರಿನ ನೆತ್ತಿಯಿಂದ ಬೆಳ್ಳಗೆ ಮೋಡವಾಗಿ ಹೋಗುತ್ತದೆ. ರೈಲಿನಲ್ಲಿ ಹೋಗುವವರು ಅದನ್ನು ತೋರಿಸಿ "ಅಬ್ಬಾ, ಎಷ್ಟು ಹೊಗೆ!" ಎಂದಾಗ ನನ್ನ ಕರುಳು ಚುರುಕ್ಕೆನ್ನುತ್ತದೆ. ಹೊಗೆಯಲ್ಲ ಸ್ವಾಮಿ, ಬರೀ ನೀರಾವಿ. ಹೊಗೆ ಪಕ್ಕದ ಚಿಮಣಿಯಲ್ಲಿದೆ, ಅದು ಬೇರೆ ಖಾತೆ.

ಕಾರ್ನೋಗೆ ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಉಳಿಯುವ ಸಣ್ಣಪುಟ್ಟ ಸೋರಿಕೆಗಳೇ ನನ್ನ ಪಾಲು. ನಾಲ್ಕು ಕಡೆ ಅಳೆದು, ಇಲ್ಲಿ ಇಷ್ಟು ಅಲ್ಲಿ ಇಷ್ಟು ಎಂದು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ಎಷ್ಟು ಅಳೆದರೂ ಕೊನೆಗೆ ಕೂಡಿಸಿದಾಗ ತಾಳೆಯಾಗದು. ಆ ವ್ಯತ್ಯಾಸಕ್ಕೊಂದು ಅಧಿಕೃತ ಸಾಲೇ ಇದೆ: 'ಲೆಕ್ಕಕ್ಕೆ ಸಿಗದ ನಷ್ಟ'. ಇಷ್ಟು ಪ್ರಾಮಾಣಿಕವಾದ ಸಾಲನ್ನು ನಾನು ಬೇರಾವ ಸರ್ಕಾರಿ ಕಾಗದದಲ್ಲೂ ಕಂಡಿಲ್ಲ.

ಈ ವಿದ್ಯೆ ನನಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ದಕ್ಕಿದ್ದು ಎಂದು ಬಹಳ ದಿನ ಅಂದುಕೊಂಡಿದ್ದೆ. ಬಾಯ್ಲರಿನಲ್ಲಿ ಇಕಾನಮೈಸರ್ ಎಂದೊಂದಿದೆ. ಉರಿದು ಹೊರಗೆ ಹೊರಟ ಬಿಸಿ ಗಾಳಿಯನ್ನು ತಡೆದು, ಒಳಗೆ ಹೋಗುವ ನೀರನ್ನು ಬೆಚ್ಚಗೆ ಮಾಡುವ ಕೊಳವೆಗಳ ಗುಂಪು. ಮೊದಲ ಸಲ ಅದರ ನಕ್ಷೆ ನೋಡಿದಾಗ ಎಲ್ಲೋ ಕಂಡ ಹಾಗಿದೆಯಲ್ಲ ಎನ್ನಿಸಿತು. ಅದು ಅಜ್ಜಿಯ ಕೋಡೊಲೆ! ದೊಡ್ಡ ಒಲೆಯಲ್ಲಿ ಅನ್ನ ಬೇಯುವಾಗ ಹಿಂದಕ್ಕೆ ಹೋಗುವ ಉರಿಯಲ್ಲಿ ಕೋಡೊಲೆಯ ಮೇಲೆ ಸಾರು ಬೆಚ್ಚಗಿರುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲದ ಸೌದೆ ಒಣಗುತ್ತಿತ್ತು. ಹಸಿ ಕಲ್ಲಿದ್ದಲು ಉರಿಸಿ ನೀರನ್ನು ಆವಿ ಮಾಡುವ ದಂಡದ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವಲ್ಲ, ಅದಕ್ಕೆ ಅಜ್ಜಿಯ ಪರಿಹಾರ ಅದು. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿತ್ತು. ಆಮೇಲಿನ ಬೂದಿ ಪಾತ್ರೆ ತಿಕ್ಕಲಿಕ್ಕೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಕೇಂದ್ರದವರು ಮುಂದೆ ಹೊಗೆ ಕಡಿಮೆ, ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆ ಮಾಡಿದರು. ಅದು ನಮ್ಮ ಮನೆಗೂ ಬಂತು. ಅಜ್ಜಿ ಅದನ್ನು ಸುತ್ತು ಹಾಕಿ ನೋಡಿ, "ಒಳ್ಳೇದಿದೆ. ಬೀಜ ಎಲ್ಲಿ ಸುಡೋದು?" ಎಂದಿದ್ದಳು. ಯಾವ ಯೋಜನಾ ವರದಿಗೂ ಕೇಳಬಹುದಾದ ಪ್ರಶ್ನೆ.

ಅಜ್ಜಿಗೆ ಒಲೆಯ ಬಾಯಿಗೆ ಎಷ್ಟು ಹೆಂಚು ಅಡ್ಡ ಇಡಬೇಕೆಂದೂ ಗೊತ್ತಿತ್ತು. ಗಾಳಿ ಕಡಿಮೆಯಾದರೆ ಹೊಗೆ, ಹೆಚ್ಚಾದರೆ ಶಾಖವೆಲ್ಲ ಗಾಳಿಯ ಬೆನ್ನು ಹತ್ತಿ ಹೊರಗೆ. ನಮ್ಮಲ್ಲಿ ಅದನ್ನು ಹೊರಹೋಗುವ ಗಾಳಿಯಲ್ಲಿ ಉಳಿದ ಆಕ್ಸಿಜನ್ ನೋಡಿ ಹೇಳುತ್ತಾರೆ. ಶೇಕಡಾ ಮೂರು, ಮೂರೂವರೆ ಇದ್ದರೆ ಸರಿ. ಕಂಟ್ರೋಲ್ ರೂಮಿನವರು 'ಇರಲಿ' ಎಂದು ಐದು ಇಡುತ್ತಿದ್ದರು. ನಾನು ಹೋಗಿ ಇಳಿಸಿ ಎನ್ನುವುದು, ನಾನು ಬೆನ್ನು ತಿರುಗಿಸಿದ ಕೂಡಲೇ ಏರಿಸುವುದು. ಅವರ ತಪ್ಪೂ ಅಲ್ಲ ಎನ್ನಿ. ನಾನು ಹೇಳಿದಂತೆ ಇಳಿಸಿ ಬೆಂಕಿ ಆರಿ ಯಂತ್ರ ಟ್ರಿಪ್ಪಾದರೆ ಬೈಗುಳ ತಿನ್ನುವವರು ಅವರು. ಮತ್ತೆ ಎಬ್ಬಿಸಲು ಸುಡುವ ಎಣ್ಣೆಯಲ್ಲಿ ನನ್ನ ಒಂದು ವರ್ಷದ ಉಳಿತಾಯ ತೊಳೆದುಹೋಗುತ್ತದೆ.

ಅಲ್ಲೊಬ್ಬರು ಬಾಗಲಕೋಟೆ ಕಡೆಯ ಫೋರ್‌ಮನ್. ಎಲ್ಲರಿಗೂ ಕಾಕಾ. ರಾತ್ರಿ ಪಾಳಿಯ ಮನುಷ್ಯ, ಗಡ್ಡ ಸದಾ ಮೂರು ದಿನದ್ದು. "ಸಾಹೇಬ್ರ, ಲೋಡ್ 210 ಐತಿ, ಫ್ರೀಕ್ವೆನ್ಸಿ 50 ಐತಿ. ಮತ್ತೇನ್ ಬೇಕ್ರಿ ನಿಮಗ?" ಎನ್ನುವುದು ಅವರ ನಮಸ್ಕಾರ.

2012ರಲ್ಲಿ ಇಂಧನ ಉಳಿತಾಯಕ್ಕೆಂದು ಕೇಂದ್ರದ 'ಪ್ಯಾಟ್' ಯೋಜನೆ ಬಂದಾಗ ನಮಗೂ ಒಂದಿಷ್ಟು ಕಾಲ ಬಂತು. ಗುರಿಗಿಂತ ಹೆಚ್ಚು ಉಳಿಸಿದವರಿಗೆ ಸರ್ಟಿಫಿಕೇಟು, ಗುರಿ ಮುಟ್ಟದವರು ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ದುಡ್ಡಿನ ಮಾತು ಬಂದದ್ದೇ ಮೀಟಿಂಗಿನಲ್ಲಿ ನನಗೊಂದು ಕುರ್ಚಿ, ಕುರ್ಚಿಯ ಮುಂದೊಂದು ಗೋಡಂಬಿ ತಟ್ಟೆ.

ಆ ಬೇಸಿಗೆಯಲ್ಲೇ ಎರಡನೇ ಯಂತ್ರದ ವ್ಯಾಕ್ಯೂಮ್ ಏಳು ಮಿಲಿಮೀಟರ್ ಬಿತ್ತು. ಕಂಡೆನ್ಸರಿನಲ್ಲಿ ಆವಿ ಕುಗ್ಗಿ ನೀರಾಗುವಾಗ ಹುಟ್ಟುವ ನಿರ್ವಾತವೇ ವ್ಯಾಕ್ಯೂಮು. ಅದು ಬಿಗಿಯಾಗಿದ್ದಷ್ಟೂ ಟರ್ಬೈನಿಗೆ ಸಲೀಸು. ಏಳು ಮಿಲಿಮೀಟರೆಂದರೆ ನನ್ನ ಲೆಕ್ಕದಲ್ಲಿ ಹೀಟ್ ರೇಟ್ ಹತ್ತು ಕಿಲೋಕ್ಯಾಲರಿ ಏರಿದಂತೆ. ಹತ್ತೇ ತಾನೇ ಎನ್ನಬೇಡಿ. ಗಂಟೆಗೆ 2,10,000 ಯೂನಿಟ್‌ಗೆ ಗುಣಿಸಿ, ಕಿಲೋಗೆ 3,500 ಕಿಲೋಕ್ಯಾಲರಿಯ ನಮ್ಮ ಬೂದಿಬಡುಕ ಕಲ್ಲಿದ್ದಲಿನಿಂದ ಭಾಗಿಸಿದರೆ ಗಂಟೆಗೆ 600 ಕಿಲೋ. ದಿನಕ್ಕೆ ಹದಿನಾಲ್ಕು ಟನ್ ಚಿಲ್ಲರೆ. ಒಂದು ಲಾರಿ ಕಲ್ಲಿದ್ದಲು ದಿನಾ ಬೆಳಿಗ್ಗೆ ಗೇಟು ದಾಟಿ ಒಳಗೆ ಬಂದು ಸುಮ್ಮನೆ ಮಾಯ.

ಎಲ್ಲರೂ ಬಿಸಿಲನ್ನು ಬೈದರು. ಆದರೆ ತಂಪು ನೀರಿನ ಉಷ್ಣತೆ ಕಳೆದ ವಾರದಷ್ಟೇ ಇತ್ತು. ಗಾಳಿ ಒಳನುಗ್ಗುತ್ತಿದೆ ಎಂದು ನನ್ನ ಗುಮಾನಿ. ಈ ಸೋರಿಕೆ ವಿಚಿತ್ರ: ಏನೂ ಹೊರಗೆ ಚಿಮ್ಮುವುದಿಲ್ಲ, ತೊಟ್ಟಿಕ್ಕುವುದಿಲ್ಲ, ಹೊರಗಿನ ಗಾಳಿಯೇ ಕಳ್ಳನಂತೆ ಒಳಗೆ ನುಸುಳುತ್ತದೆ. ಟರ್ಬೈನಿನ ಗದ್ದಲದಲ್ಲಿ ಆ ಉಸಿರು ಕೇಳುವುದೂ ಇಲ್ಲ. ಹಳಬರ ಉಪಾಯವೆಂದರೆ ಮೇಣದ ಬತ್ತಿ ಹಿಡಿದು ಜ್ವಾಲೆ ಎತ್ತ ವಾಲುತ್ತದೆಂದು ನೋಡುವುದು. ಆದರೆ ನಮ್ಮ ಜನರೇಟರನ್ನು ತಂಪು ಮಾಡುವುದು ಹೈಡ್ರೋಜನ್ ಅನಿಲ. ಅದರ ಆಸುಪಾಸಿನಲ್ಲಿ ಮೇಣದ ಬತ್ತಿ ಹಚ್ಚಿದರೆ ಸೋರಿಕೆ ಸಿಗುತ್ತಿತ್ತೋ ಇಲ್ಲವೋ, ನಾವಂತೂ ಸಿಗುತ್ತಿರಲಿಲ್ಲ. ಹೀಲಿಯಂ ಬಿಟ್ಟು ಪತ್ತೆ ಹಚ್ಚುವ ಯಂತ್ರಕ್ಕೆ ಟೆಂಡರು ಕರೆಯಬೇಕು. ಉಳಿದದ್ದು ಶೇವಿಂಗ್ ಫೋಮ್. ಅನುಮಾನವಿದ್ದ ಕಡೆ ನೊರೆ ಬಳಿದರೆ, ಗಾಳಿ ಎಳೆಯುವ ಜಾಗದಲ್ಲಿ ನೊರೆಗೆ ಗುಳಿ ಬಿದ್ದು ಒಳಗೆ ಹೋಗುತ್ತದೆ.

ಟೌನ್‌ಶಿಪ್ಪಿನ ಅಂಗಡಿಯಲ್ಲಿದ್ದ ಎಂಟೂ ಡಬ್ಬಿ ಕೊಂಡೆ. ರಾತ್ರಿ ಎರಡು ಗಂಟೆಗೆ ಕಂಡೆನ್ಸರಿನ ಕೆಳಗೆ ನಾನೂ ಕಾಕಾನೂ ಒಂದೊಂದೇ ವಾಲ್ವಿಗೆ, ಫ್ಲ್ಯಾಂಜಿಗೆ ಬಳಿಯುತ್ತ ಹೊರಟೆವು.

"ಏನ್ರಿ ಸಾಹೇಬ್ರ, ಕಂಡೆನ್ಸರಿಗೆ ಲಗ್ನ ಗೊತ್ತಾಗೇತೇನ್ರಿ?"

ಆರು ಡಬ್ಬಿ ಖಾಲಿಯಾದವು. ಕೊಳವೆಗಳೆಲ್ಲ ಬೆಳ್ಳಗೆ, ಸಾಲಾಗಿ ಕೂತ ಗಿರಾಕಿಗಳಂತೆ ಕಂಡವು. ಏಳನೆಯದರಲ್ಲಿ, ಎಲ್‌ಪಿ ಹೀಟರಿನ ಡ್ರೇನ್ ಲೈನಿನ ಒಂದು ವಾಲ್ವಿನ ಗ್ಲ್ಯಾಂಡಿಗೆ ಬಳಿದು ಟಾರ್ಚು ಬಿಟ್ಟಾಗ, ನೊರೆಯ ನಡುವೆ ಮಗುವಿನ ಕೆನ್ನೆಯಲ್ಲಿ ಬೀಳುವಂಥ ಒಂದು ಗುಳಿ. ನೋಡುತ್ತಿದ್ದಂತೆ ಗುಳಿ ದೊಡ್ಡದಾಯಿತು, ನೊರೆ ಸುರುಳಿ ಸುತ್ತಿ ಮಾಯವಾಯಿತು.

"ಹೀರಾಕತ್ತೈತ್ರೀ!" ಎಂದು ಕಾಕಾ ಕೂಗಿದ ಕೂಗಿಗೆ ಟರ್ಬೈನಿನ ಸದ್ದೂ ಅಡಗಿತು ಎನ್ನಿಸಿತು. ಸದ್ಯಕ್ಕೆ ಗ್ರೀಸು ಮೆತ್ತಿ ಬಿಗಿ ಮಾಡಿದೆವು. ಚಹಾ ಕುಡಿದು ಕಂಟ್ರೋಲ್ ರೂಮಿಗೆ ಹೋಗುವಷ್ಟರಲ್ಲಿ ವ್ಯಾಕ್ಯೂಮ್ ಆರು ಮಿಲಿಮೀಟರ್ ಮೇಲೆ ಬಂದಿತ್ತು. ಕಾಕಾ ಮೀಟರಿಗೆ ಕೈಮುಗಿದರು.

ಮೂರು ತಿಂಗಳ ಮೇಲೆ ಲೆಕ್ಕಪತ್ರ ಶಾಖೆಯಿಂದ ಫೋಮಿನ ಬಿಲ್ಲಿನ ಬಗ್ಗೆ ಕಾಗದ ಬಂತು. ಸದರಿ ಸಾಮಗ್ರಿಯು ಸ್ಥಾವರದ ಅಂಗೀಕೃತ ವಸ್ತುಗಳ ಪಟ್ಟಿಯಲ್ಲಿ ಇರುವುದಿಲ್ಲ. ಯಾವ ಯಂತ್ರದ ಕ್ಷೌರಕ್ಕೆ ಬಳಸಲಾಯಿತು, ಸ್ಪಷ್ಟೀಕರಿಸುವುದು. ನಾನು ಹಿಗ್ಗಿನಿಂದ ದಿನಕ್ಕೊಂದು ಲಾರಿಯ ಲೆಕ್ಕವನ್ನು ನಾಲ್ಕು ಪುಟ ಬರೆದು ಕಳಿಸಿದೆ. ಮರುಪ್ರಶ್ನೆ: ಉಳಿತಾಯವಾದ ಕಲ್ಲಿದ್ದಲನ್ನು ಎಲ್ಲಿ ದಾಸ್ತಾನು ಮಾಡಲಾಗಿದೆ? ಭೌತಿಕವಾಗಿ ತೋರಿಸುವುದು. ಉರಿಯದ ಬೆಂಕಿಯನ್ನು, ಬಾರದ ಲಾರಿಯನ್ನು ಕರೆದು ತಂದು ಎಲ್ಲಿ ನಿಲ್ಲಿಸಲಿ? ಅದನ್ನೂ ಹೇಗೋ ದಾಟಿದೆ. ಮೂರನೆಯ ಕಾಗದದಲ್ಲಿ ಒಂದೇ ಪ್ರಶ್ನೆ ಇತ್ತು: ಖರೀದಿ ಎಂಟು, ವರದಿಯ ಪ್ರಕಾರ ಬಳಕೆ ಏಳು, ಎಂಟನೆಯ ಡಬ್ಬಿ ಎಲ್ಲಿ?

ಆ ರಾತ್ರಿಯ ಮರುದಿನ ಪಾಳಿಗೆ ಬಂದ ಕಾಕಾನ ಮುಖ ನೆನಪಾಯಿತು. ಅಷ್ಟು ನುಣ್ಣಗಿನ ಗಲ್ಲವನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ; ಗೇಟಿನಲ್ಲಿ ಸೆಕ್ಯೂರಿಟಿಯವನು ಐಡಿ ಕಾರ್ಡ್ ಕೇಳಿದ್ದನಂತೆ.

ಪೆನ್ನು ತೆಗೆದು ಉತ್ತರ ಬರೆದೆ: ಲೆಕ್ಕಕ್ಕೆ ಸಿಗದ ನಷ್ಟ, ಡಬ್ಬಿ ಒಂದು.