ನರೆತ ಹಲಗೆ

ನ್ಯೂಜೆರ್ಸಿಯ ನಮ್ಮ ಮನೆ ಹಿಂದೆ ಡೆಕ್ ಹಾಕಿಸುವಾಗ ಬ್ರೆಜಿಲಿನ ಈಪೆ ಮರವೇ ಬೇಕೆಂದು ಹಟ ಹಿಡಿದವನು ನಾನು. ನೀರಿಗೆ ಹಾಕಿದರೆ ಮುಳುಗುವ ಮರ. ಮೊದಲೇ ತೂತು ಕೊರೆಯದಿದ್ದರೆ ಸ್ಕ್ರೂಗಳೇ ತುಂಡಾಗುತ್ತವೆ. ಬೆಂಗಳೂರಿನ ರಸ್ತೆಗಳಿಗೆ ಹೂ ಸುರಿಯುವ ಟಬೆಬುಯಾದ ಹತ್ತಿರದ ನೆಂಟ ಎಂದು ಗೊತ್ತಾದ ಮೇಲಂತೂ ಚೌಕಾಸಿ ಮಾಡಲೂ ಸಂಕೋಚವಾಯಿತು. ಹೆಂಡತಿಗೆ ಬೆಲೆಯನ್ನು ಕಂತಿನಲ್ಲಿ ಹೇಳಿದೆ.

ಎರಡೇ ವರ್ಷದ ಬಿಸಿಲಿಗೆ ಕೆಂಗಂದು ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿದವು. ಆಕ್ಸಾಲಿಕ್ ಆಸಿಡ್ ಪುಡಿ ಕಲಸಿ ತೊಳೆದಾಗ ಬಣ್ಣ ಮರಳಿತು. ಇನ್ನು ಎಣ್ಣೆ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ಅಪ್ಪ ಡಬ್ಬವನ್ನು ತಿರುಗಿಸಿ ನೋಡಿದರು.

"ಇದು ಹಚ್ಚದಿದ್ರೆ ಮರ ಲಡ್ಡಾಗುತ್ತಾ?"

"ಇಲ್ಲಪ್ಪ, ಸುಮ್ನೆ ಬಿಟ್ರೂ ದಶಕಗಟ್ಟಲೆ ಬಾಳುತ್ತೆ. ನರೆಯುತ್ತೆ, ಅಷ್ಟೆ."

"ನರೀಲಿ ಬಿಡೋ ಮಾರಾಯ! ಮಳೆ ತಾಗದ ಹಾಗೆ ನಾವು ಮಾಡು ಇಳಿಸ್ತೀವಿ. ನೀವು ಮರಾನ ಮಳೆಗೇ ಮಲಗಿಸಿ ಎಣ್ಣೆಸ್ನಾನ ಬೇರೆ."

ಸ್ನಾನವನ್ನೇ ಮಾಡಿಸಿದೆ. ಧಾರಾಳವಾಗಿ ಸುರಿದರೆ ಮರ ಕುಡಿಯುತ್ತದೆ ಎಂಬ ನಂಬಿಕೆ ನನ್ನದು. ಈಪೆ ಕುಡಿಯುವ ಜಾತಿಯಲ್ಲ. ತೆಳ್ಳಗೆ ಸವರಿ, ಕಾಲು ಗಂಟೆಯಲ್ಲಿ ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಅಷ್ಟರಲ್ಲಿ ಆಫೀಸಿನ ಫೋನು ಬಂತು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಟ ಅಪ್ಪ ಮೂರು ಹೆಜ್ಜೆ ಮುಂದೆ ಹೋದರು. ಹವಾಯಿ ಚಪ್ಪಲಿ ಎರಡನೆಯ ಹೆಜ್ಜೆಯಲ್ಲೇ ಉಳಿಯಿತು.

ಅಮ್ಮ ಬಗ್ಗಿ ಬೆರಳಿಂದ ಮುಟ್ಟಿ ನೋಡಿದರು. "ಥೇಟ್ ಹಲಸಿನ ಮೇಣ. ಮೇಣಕ್ಕೆ ಎಣ್ಣೇನೇ ಮದ್ದು, ಹಚ್ಚಿ ತಿಕ್ಕು." ಎಣ್ಣೆಯಿಂದಾದ ಮೇಣಕ್ಕೆ ಮತ್ತೆ ಎಣ್ಣೆಯೇ? ಬೇರೆ ದಾರಿ ಕಾಣದೆ ಅದನ್ನೇ ಹಚ್ಚಿದೆ. ಅಂಟು ಕರಗಿತು. ಒರೆಸಲು ಅಪ್ಪನ ಹಳೆ ಪಂಚೆ ನಾಲ್ಕು ಚೂರಾಯಿತು. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಬಟ್ಟೆ ಅಮೆರಿಕದ ಯಾವ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ.

ಎಣ್ಣೆಬಟ್ಟೆಯನ್ನು ಅಮ್ಮ ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆದಿದ್ದು ನೋಡಿ ನಾನು ಹೌಹಾರಿದೆ. ಒಣಗುವ ಎಣ್ಣೆ ಗಾಳಿ ಸೋಕಿ ಬಿಸಿಯಾಗಿ, ಮುದ್ದೆಯೊಳಗೆ ಆ ಕಾವು ಕೂಡಿ, ಬಟ್ಟೆ ತಾನೇ ಹೊತ್ತಿಕೊಳ್ಳಬಹುದು ಎಂದೆ. ನಗುತ್ತಾರೇನೋ ಅಂದುಕೊಂಡಿದ್ದೆ. ಅಪ್ಪ ಮಾತ್ರ ಥಟ್ಟನೆ ಎದ್ದರು. "ಹಸಿ ಹುಲ್ಲಿನ ಬಣವೆ ಹಾಗೆ!" ಚೂರುಗಳನ್ನು ಬಿಡಿಸಿ, ಒಂದೊಂದಾಗಿ ಬೇಲಿಯ ಮೇಲೆ ಹರವಿದರು. ಪಕ್ಕದ ಮನೆಯಾಕೆ ಇವತ್ತು ನಿಮ್ಮ ಹಬ್ಬವೇ ಎಂದು ಕೇಳಿದಳು. ಹೌದೆಂದೆ.

ತಿಂಗಳ ಮೊದಲ ಭಾನುವಾರ ಬಂತು. ಅಪ್ಪ ಹೆಗಲಿಗೆ ಟವೆಲ್ ಹೊದ್ದು ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹಿಂದೆ ಕಪ್ಪು ಡೈ ಕಲಸಿದ ಬಟ್ಟಲು, ಬ್ರಶ್ ಹಿಡಿದ ಅಮ್ಮ.

"ಮೆತ್ತಬೇಡ್ವೇ," ಎನ್ನುತ್ತಿದ್ದರು ಅಪ್ಪ, "ತೆಳ್ಳಗೆ ಸವರು."

ನಾನು ತುಟಿ ಬಿಗಿಹಿಡಿದು ಕುರ್ಚಿಯ ಕೆಳಗೆ ಹಳೆ ಪೇಪರ್ ಹಾಸಿದೆ.