ಹೋತದ ನಾತ: ಒಂದು ಪ್ರಮಾಣ ಮೀಮಾಂಸೆ

ಪ್ರತಿಜ್ಞೆ: ಬೀಜ ಒಡೆಯದ ಹೋತದ ಸಾರು ನಾರುತ್ತದೆ. ನವಲಗುಂದ ಸೀಮೆಯಲ್ಲಿ ಕಂದೂರಿಗೆ, ಅಂದರೆ ಹರಕೆಯ ಬಾಡೂಟಕ್ಕೆ, ಹೋತ ಕೊಳ್ಳುವವರಲ್ಲಿ ಈ ಬಗ್ಗೆ ತಕರಾರಿಲ್ಲ. ತಕರಾರಿರುವುದು, ಕೊಯ್ಯುವ ಮೊದಲೇ ಅದನ್ನು ಸಾಧಿಸುವುದು ಹೇಗೆಂಬಲ್ಲಿ. ನ್ಯಾಯಶಾಸ್ತ್ರದ ನಾಲ್ಕೂ ಪ್ರಮಾಣಗಳನ್ನು ಸಂತೆಗೆ ಇಳಿಸಿ ನೋಡೋಣ.

ಶಬ್ದ: ಆಪ್ತರ ಮಾತು ಪ್ರಮಾಣ. "ಸಣ್ಣದಿದ್ದಾಗನ ಬೀಜಾ ಒಡಿಸೇವ್ರೀ ಅಣ್ಣಾರ" ಅನ್ನುತ್ತಾನೆ ಮಾರುವವ. ಹಿಂಗಾಲಿನ ನಡುವೆ ಕೈಯಾಡಿಸಿದರೆ ವಿರುದ್ಧ ಸಾಕ್ಷಿಗಳು ಎರಡು ಸಿಗುತ್ತವೆ. ಆತ ಆಪ್ತನಲ್ಲ, ಶಬ್ದ ಬಿತ್ತು.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ಗಡ್ಡ ಒದ್ದೆಯಿದ್ದಲ್ಲಿ ನಾತ. ಮದವೇರಿದ ಹೋತ ತನ್ನ ಗಡ್ಡಕ್ಕೂ ಮುಂಗಾಲಿಗೂ ತಾನೇ ಉಚ್ಚೆ ಹಾರಿಸಿಕೊಳ್ಳುತ್ತದೆ. ಕೂದಲು ಹಳದಿಗಟ್ಟಿ ಜಿಗುಟಾಗುತ್ತದೆ. ಆದರೆ ಸಂತೆಯ ದಿನ ನಸುಕಿನಲ್ಲೇ ಗಡ್ಡ ತೊಳೆದು ತಂದರೆ? ಹೇತು ಅಸಿದ್ಧ.

ಉಪಮಾನ: ಹೋತ ಹೇಗೋ ಗಂಡುಹಂದಿ ಹಾಗೆ. ಹಂದಿಯ ಬೀಜದಲ್ಲಿ ಹುಟ್ಟುವ ಆಂಡ್ರೊಸ್ಟಿನೋನ್, ಕರುಳಿನಲ್ಲಿ ಹುಟ್ಟುವ ಸ್ಕೆಟೋಲ್ ಎರಡೂ ಕೊಬ್ಬಿನಲ್ಲಿ ಅಡಗಿದ್ದು ಬಿಸಿ ತಾಗಿದೊಡನೆ ಏಳುತ್ತವೆ. ಕೊಬ್ಬಿನಲ್ಲಿ ಸ್ಕೆಟೋಲ್ ಕೋಟಿಗೆ ಎರಡು ಪಾಲಿದ್ದರೂ ಸಾಕು. 2018ರ ಜನವರಿ 1ರೊಳಗೆ ಹಂದಿಗಳ ಬೀಜ ಕೊಯ್ಯುವುದನ್ನೇ ನಿಲ್ಲಿಸುತ್ತೇವೆಂದು ಯುರೋಪಿನವರು 2010ರಲ್ಲಿ ಬ್ರಸೆಲ್ಸ್‌ನಲ್ಲಿ ಘೋಷಿಸಿದರು. ಗಡುವು ಮುಗಿಯಿತು, ಚೂರಿ ನಿಲ್ಲಲಿಲ್ಲ. ನಾತ ಅಳೆಯುವ ಯಂತ್ರಗಳಿದ್ದರೂ ಅಲ್ಲಿನ ಕಸಾಯಿಖಾನೆಗಳಲ್ಲಿ ಕೊಬ್ಬಿಗೆ ಕಾದ ಕಬ್ಬಿಣ ಮುಟ್ಟಿಸಿ ಸಂಬಳದ ಆಳೊಬ್ಬ ಮೂಸುತ್ತಾನೆ. ವಿದ್ವಾಂಸರು ಇದನ್ನು ಗಂಭೀರವಾಗಿಯೇ 'ಮಾನವ ಮೂಗಿನ ವಿಧಾನ' ಎನ್ನುತ್ತಾರೆ.

ಪ್ರತ್ಯಕ್ಷ: ಕಡೆಗೆ ಉಳಿದದ್ದು ಮೂಗೇ. ಕೋಡಿನ ಬುಡದ ಹಿಂದೆ ಬೆರಳು ತಿಕ್ಕಿ ಮೂಸಬೇಕು. ನಾತದ ಗ್ರಂಥಿಗಳಿರುವುದು ಅಲ್ಲೇ. ಎಲ್ಲರ ಮೂಗೂ ಒಂದೇ ಏನು ಎಂಬುದು ಪೂರ್ವಪಕ್ಷ. ಅಲ್ಲ. ಆಂಡ್ರೊಸ್ಟಿನೋನ್ ಕೆಲವರಿಗೆ ಉಚ್ಚೆಯಂತೆ ನಾರುತ್ತದೆ, ಕೆಲವರಿಗೆ ಘಮ್ಮೆನ್ನುತ್ತದೆ, ಕೆಲವರಿಗೆ ತಿಳಿಯುವುದೇ ಇಲ್ಲ; ಇದಕ್ಕೆ ಒಂದು ಜೀನಿನ ವ್ಯತ್ಯಾಸವೂ ಕಾರಣವೆಂದು 2007ರಲ್ಲಿ ಗೊತ್ತಾಯಿತು. ಸರಾಸರಿಯಲ್ಲಿ ಹೆಂಗಸರ ಮೂಗೇ ಚುರುಕು. ಹಂದಿಗೆ ಸಲ್ಲುವುದು ಹೋತಕ್ಕೂ ಸಲ್ಲುತ್ತದೆಂದು ಉಪಮಾನದಲ್ಲಿ ಒಪ್ಪಿಯಾಗಿದೆ. ನಮ್ಮಲ್ಲೋ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಹೋತ ಆರಿಸುವವ ಗಂಡ. ಸಾರು ಕುದಿಯುವಾಗ ಸೆರಗು ಮೂಗಿಗೆ ಒತ್ತಿ ತೀರ್ಪು ಕೊಡುವವಳು ಹೆಂಡತಿ.

ನಿಗಮನ: ನಮ್ಮಲ್ಲಿ ಪ್ರಯೋಗಾಲಯಕ್ಕೆ ಕೊರತೆಯಿಲ್ಲ, ಸ್ಯಾಂಪಲ್ ಮಾತ್ರ ರೊಕ್ಕ ಕೊಟ್ಟ ಮೇಲೆ ತಲುಪುತ್ತಿದೆ. ಆದಕಾರಣ ಮುಂದಿನ ಕಂದೂರಿಗೆ ಹೋತ ಆರಿಸಲು ಆಕೆಯೇ ಹೋಗತಕ್ಕದ್ದು. ಹಗ್ಗ ಹಿಡಿಯಲು ಬೇಕಾದರೆ ಗಂಡನನ್ನು ಕರೆದೊಯ್ಯಬಹುದು.